ಪೂರ್ವ ಜರ್ಮನಿಯ ಸಿಟ್ಟು ಎಎಫ್‌ಡಿಗಿಂತ ಹಳೇದು

1993ರ ಬೇಸಿಗೆ. ಕಮ್ಯುನಿಸ್ಟರ ಆಳ್ವಿಕೇಲಿದ್ದ ಪೂರ್ವ ಜರ್ಮನಿ ಪಶ್ಚಿಮದ ಜೊತೆ ಒಂದಾಗಿ ಮೂರು ವರ್ಷ ಆಗೋಕೆ ಬಂದಿತ್ತು. ಪೂರ್ವದ ಥುರಿಂಗಿಯಾ ರಾಜ್ಯದ ಬಿಷೋಫೆರೋಡ ಅನ್ನೋ ಪುಟ್ಟ ಊರಲ್ಲಿ ಒಂದು ಪೊಟ್ಯಾಶ್ ಗಣಿ ಇತ್ತು, ಹೌದು, ನಮ್ಮ ಗೊಬ್ಬರದಂಗಡೀಲಿ ಸಿಗುತ್ತಲ್ಲ ಅದೇ ಪೊಟ್ಯಾಶ್, ಅದನ್ನ ಮುಚ್ತೀವಿ ಅಂದಾಗ ಕಾರ್ಮಿಕರು ಊಟ ಬಿಟ್ಟು ಕೂತ್ರು. ಒಂದೆರಡು ದಿನ ಅಲ್ಲ, ವಾರಗಟ್ಲೆ. ಅವರ ಸಂಕಟ ಏನಂದ್ರೆ, ನೆಲದೊಳಗೆ ಸರಕು ಇನ್ನೂ ಇದೆ, ಕೆಲಸ ಮಾಡೋ ಕೈಗಳೂ ಇವೆ, ಆದ್ರೂ ಪಶ್ಚಿಮದ ದೊಡ್ಡ ಕಂಪನಿ ಜೊತೆ ವಿಲೀನ ಅಂತ ಹೇಳಿ ನಮ್ಮದನ್ನ ಮುಚ್ಚಿ ಅವರದ್ದನ್ನ ಉಳಿಸ್ಕೊತಿದ್ದಾರೆ ಅನ್ನೋದು. ಆ ವಿಲೀನದ ಕರಾರಲ್ಲಿ ಏನು ಬರ್ದಿದೆ ಅಂತ ಕೆಲಸದವರಿಗೆ ತೋರಿಸ್ಲೂ ಇಲ್ಲ. ಉಪವಾಸದಿಂದ ಏನೂ ಗಿಟ್ಲಿಲ್ಲ, ಆ ವರ್ಷದ ಕೊನೆಗೆ ಗಣಿ ಬಂದ್. "ಬಿಷೋಫೆರೋಡ ಎಲ್ಲಾ ಕಡೆ ಇದೆ" ಅನ್ನೋದು ಆಗಿನ ಘೋಷಣೆ.

ಇದನ್ನ ಯಾಕೆ ಮೊದಲು ಹೇಳ್ದೆ ಅಂದ್ರೆ, 2025ರ ಫೆಬ್ರವರಿ ಚುನಾವಣೇಲಿ ಎಎಫ್‌ಡಿ, ಅಂದ್ರೆ 'ಜರ್ಮನಿಗೊಂದು ಪರ್ಯಾಯ' ಅನ್ನೋ ಪಕ್ಷ, 20.8% ವೋಟ್ ತಗೊಂಡು ಎರಡನೇ ಸ್ಥಾನಕ್ಕೆ ಬಂದಾಗ ಸುಮಾರು ಜನ ಒಂದೇ ಸಾಲಲ್ಲಿ ಕಥೆ ಮುಗಿಸಿಬಿಟ್ರು: 2015ರಲ್ಲಿ ಆಗಿನ ಚಾನ್ಸಲರ್, ಅಂದ್ರೆ ಅಲ್ಲಿನ ಪ್ರಧಾನಿ, ಮರ್ಕೆಲ್ ಗಡಿ ಬಾಗಿಲು ತೆಗೆದ್ರು, ನಿರಾಶ್ರಿತರು ಬಂದ್ರು, ಜನ ಕೆರಳಿದ್ರು. ಅದು ಸುಳ್ಳಲ್ಲ. ಆದ್ರೆ ಪೂರ್ವದ ಥುರಿಂಗಿಯಾದಲ್ಲಿ ಅದೇ ಪಕ್ಷಕ್ಕೆ 38.6% ಯಾಕೆ ಬಿತ್ತು, ನಿರಾಶ್ರಿತರು ಪಶ್ಚಿಮದಲ್ಲೇ ಜಾಸ್ತಿ ಇದ್ದಾರಲ್ಲ, ಅಂತ ಕೇಳಿದ್ರೆ ಆ ಒಂದು ಸಾಲು ಸಾಕಾಗಲ್ಲ.

ಹಿಂದಕ್ಕೆ ಹೋಗೋಣ. 1990ರ ಜುಲೈ 1ಕ್ಕೆ ಪೂರ್ವದವರಿಗೂ ಪಶ್ಚಿಮದ ಮಾರ್ಕ್ ಕರೆನ್ಸಿ ಬಂತು, ಸಂಬಳ ಒಂದಕ್ಕೆ ಒಂದು ಲೆಕ್ಕದಲ್ಲಿ ಬದಲಾಯ್ತು. ಜನಕ್ಕೆ ಖುಷಿಯೋ ಖುಷಿ. ಫ್ಯಾಕ್ಟರಿಗಳಿಗೆ ಮಾತ್ರ ಅದು ಗುಂಡಿ, ಯಾಕಂದ್ರೆ ಅಲ್ಲೀವರೆಗೆ ಅಗ್ಗವಾಗಿದ್ದ ಅವರ ಮಾಲು ರಾತ್ರೋರಾತ್ರಿ ದುಬಾರಿ ಆಯ್ತು, ಖಾಯಂ ಗಿರಾಕಿಗಳಾಗಿದ್ದ ಸೋವಿಯತ್ ಕಡೆಯವರ ಹತ್ರ ಅಷ್ಟು ದುಡ್ಡಿಲ್ಲ, ಪಶ್ಚಿಮದವರಿಗೆ ಈ ಹಳೇ ಮಾಡೆಲ್ ಬೇಕಿಲ್ಲ. ಚಾನ್ಸಲರ್ ಹೆಲ್ಮುಟ್ ಕೋಲ್ ಟೀವಿಲಿ ಬಂದು ಪೂರ್ವದ ನೆಲ ಇನ್ನು ಹೂ ಬಿಡುತ್ತೆ ಅಂದ್ರು. ಆ 'ಹೂ ಬಿಡೋ ನೆಲ' ಆಮೇಲೆ ಅಲ್ಲಿ ಬೈಗುಳದ ಥರ ಬಳಕೆ ಆಯ್ತು.

ಸರ್ಕಾರಿ ಉದ್ಯಮಗಳನ್ನೆಲ್ಲ ಟ್ರಾಯ್‌ಹಾಂಡ್ ಅನ್ನೋ ಒಂದೇ ಸಂಸ್ಥೆ ಕೈಗೆ ಕೊಟ್ರು. ಸುಮಾರು 8,500 ಕಂಪನಿಗಳು, 40 ಲಕ್ಷ ಕೆಲಸಗಾರರು. ಮಾರೋದು, ಇಲ್ಲ ಮುಚ್ಚೋದು. ಅದರ ಮುಖ್ಯಸ್ಥ ಡೆಟ್ಲೆವ್ ರೋವೆಡರ್ ಅವರನ್ನ 1991ರ ಏಪ್ರಿಲ್ 1ಕ್ಕೆ ಅವರ ಮನೇಲೇ ಗುಂಡಿಕ್ಕಿ ಕೊಂದ್ರು, ಕೆಲಸ ಮಾತ್ರ ನಿಲ್ಲಲಿಲ್ಲ, 1994ರ ಕೊನೆಗೆ ಎಲ್ಲಾ ಮುಗಿಸಿ ಬಾಗಿಲು ಹಾಕಿದ್ರು. ಕೊಂಡವರಲ್ಲಿ ಹೆಚ್ಚಿನವರು ಪಶ್ಚಿಮದವರು. ಮೇಲಿನ ಕುರ್ಚಿಗಳಿಗೆ, ಕೋರ್ಟು, ಯೂನಿವರ್ಸಿಟಿ, ಆಫೀಸು, ಎಲ್ಲಾ ಕಡೆ ಪಶ್ಚಿಮದವರೇ ಬಂದು ಕೂತ್ರು. ಓದಿದ ಹುಡುಗ ಹುಡುಗೀರು, ಅದ್ರಲ್ಲೂ ಹುಡುಗೀರು, ಗಂಟುಮೂಟೆ ಕಟ್ಕೊಂಡು ಪಶ್ಚಿಮಕ್ಕೆ ಹೋದ್ರು. ಊರಲ್ಲಿ ಉಳಿದೋರು ಅಪ್ಪ ಅಮ್ಮ.

ಇದನ್ನ ಬರೀ ಪಾಪ ಅನ್ನೋ ಕಥೆ ಮಾಡೋಕೂ ಹೋಗಬಾರದು. 1991ರಲ್ಲಿ ಹೊಯರ್ಸ್‌ವೆರ್ಡಾ ಊರಲ್ಲಿ, 1992ರ ಆಗಸ್ಟಲ್ಲಿ ರೋಸ್ಟಾಕ್‌ನಲ್ಲಿ ವಿಯೆಟ್ನಾಂ ಕಾರ್ಮಿಕರಿದ್ದ ಮನೆಗಳ ಮೇಲೆ ದಾಳಿ ಆಯ್ತು, ರೋಸ್ಟಾಕಲ್ಲಿ ಬೆಂಕಿ ಹಚ್ಚಿದಾಗ ಸುತ್ತ ನಿಂತ ಜನ ಚಪ್ಪಾಳೆ ಹೊಡೀತಿದ್ರು. ಆಗ ಎಎಫ್‌ಡಿನೂ ಇಲ್ಲ, ಸಿರಿಯಾ ಯುದ್ಧನೂ ಇಲ್ಲ.

2004ಕ್ಕೆ ಬನ್ನಿ. ಗೆರ್ಹಾರ್ಡ್ ಶ್ರೋಡರ್ ಸರ್ಕಾರ 'ಹಾರ್ಟ್ಸ್ 4' ಅಂತ ನಿರುದ್ಯೋಗ ಭತ್ಯೆ ಕತ್ತರಿಸೋ ಕಾನೂನು ತಂತು. ಪೂರ್ವದ ಊರುಗಳಲ್ಲಿ ಮತ್ತೆ ಸೋಮವಾರದ ಮೆರವಣಿಗೆ ಶುರು, 1989ರಲ್ಲಿ ಬರ್ಲಿನ್ ಗೋಡೆ ಬೀಳೋ ಮೊದಲು ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಲೈಪ್‌ಜಿಗ್‌ನಲ್ಲಿ ನಡೀತಿದ್ದ ಹಾಗೇ. ಆ ಸಿಟ್ಟಿನ ವೋಟ್ ಆಗ ಹೆಚ್ಚಾಗಿ ಹೋಗಿದ್ದು ಎಡಕ್ಕೆ, ಹಳೇ ಕಮ್ಯುನಿಸ್ಟರ ಪಕ್ಷಕ್ಕೆ. ನನ್ನ ಲೆಕ್ಕದಲ್ಲಿ ಇಡೀ ಕಥೇಲಿ ಇದೇ ಮುಖ್ಯ ಜಾಗ: ಸಿಟ್ಟು ಅದೇ, ಗಾಡಿ ಬೇರೆ. ಆಮೇಲೆ 2014ರ ಅಕ್ಟೋಬರಲ್ಲಿ ಡ್ರೆಸ್ಡೆನ್‌ನಲ್ಲಿ ಪೆಗಿಡಾ ಅನ್ನೋ ಮುಸ್ಲಿಂ ವಿರೋಧಿ ಗುಂಪು ಹುಟ್ಟಿದಾಗ ಅವರೂ ಆರಿಸ್ಕೊಂಡಿದ್ದು ಸೋಮವಾರಾನೇ, ಕೂಗಿದ್ದು 1989ರ "ನಾವೇ ಜನ" ಅನ್ನೋ ಘೋಷಣೆನೇ.

ಎಎಫ್‌ಡಿ ಹುಟ್ಟಿದ್ದು ಮಾತ್ರ ಇದ್ಯಾವುದರಿಂದಲೂ ಅಲ್ಲ, ಅದೇ ತಮಾಷೆ. 2013ರಲ್ಲಿ ಅದನ್ನ ಕಟ್ಟಿದೋರು ಬೆರ್ನ್ಡ್ ಲುಕೆ ಅನ್ನೋ ಹ್ಯಾಂಬರ್ಗ್‌ನ ಎಕನಾಮಿಕ್ಸ್ ಪ್ರೊಫೆಸರ್ ಮತ್ತವರ ಜೊತೆಗಾರರು. ತಕರಾರು ಗ್ರೀಸ್ ಸಾಲದ್ದು, ಯೂರೋದ್ದು. ಮರ್ಕೆಲ್ ಆಗ ಗ್ರೀಸ್‌ಗೆ ದುಡ್ಡು ಕೊಟ್ಟು ಉಳಿಸೋ ಬೇಲೌಟ್‌ಗೆ ಬೇರೆ ದಾರಿ ಇಲ್ಲ ಅಂತಿದ್ರು, ಇವರು ಇದೆ ಅಂತ ಹೆಸರಲ್ಲೇ 'ಪರ್ಯಾಯ' ಸೇರಿಸ್ಕೊಂಡ್ರು. ಪ್ರೊಫೆಸರ್‌ಗಳ ಪಕ್ಷ ಅಂತ ಜನ ನಕ್ರು. ಆ ವರ್ಷ 4.7% ಬಂತು, ಪಾರ್ಲಿಮೆಂಟ್ ಒಳಗೆ ಹೋಗೋಕೆ 5% ಬೇಕು, ತಪ್ಪೋಯ್ತು. 2015ರಲ್ಲಿ ಲುಕೆ ಅವರನ್ನೇ ಸೋಲಿಸಿ ಫ್ರೌಕೆ ಪೆಟ್ರಿ ಬಂದ್ರು, ಪಕ್ಷ ಬಲಕ್ಕೆ ವಾಲ್ತು, ಅದಾಗಿ ಎರಡು ತಿಂಗಳೂ ಆಗಿರಲಿಲ್ಲ, ಮರ್ಕೆಲ್ ನಿರಾಶ್ರಿತರ ವಿಷಯದಲ್ಲಿ "ನಮ್ಮ ಕೈಲಾಗುತ್ತೆ" ಅಂದ್ರು. ಆ ವರ್ಷ ಬಂದವರು ಸುಮಾರು 8.9 ಲಕ್ಷ. 2017ರಲ್ಲಿ ಎಎಫ್‌ಡಿ 12.6% ತಗೊಂಡು ಒಳಗೆ ಬಂತು. ಮಾರನೇ ದಿನವೇ ಪೆಟ್ರಿ ಪ್ರೆಸ್ ಮೀಟ್‌ನಲ್ಲಿ ಎದ್ದು ಹೊರಟೋದ್ರು, ಪಕ್ಷ ಇನ್ನೂ ಬಲಕ್ಕೆ.

ಉಳಿದ ಪಕ್ಷಗಳು 'ಬ್ರಾಂಡ್‌ಮಾವರ್' ಅಂತ ಇಟ್ಕೊಂಡಿದ್ದಾರೆ, ಬೆಂಕಿ ದಾಟದಂಗೆ ಕಟ್ಟೋ ಗೋಡೆ, ಅಂದ್ರೆ ಎಎಫ್‌ಡಿ ಜೊತೆ ಕೈ ಜೋಡಿಸಲ್ಲ ಅಂತ. ಅದು ಹೇಗೆ ಬಿರುಕು ಬಿಡುತ್ತೆ ಅನ್ನೋಕೆ ಒಂದು ದಿನ ಸಾಕು: 2020ರ ಫೆಬ್ರವರಿ 5, ಥುರಿಂಗಿಯಾ ವಿಧಾನಸಭೆ. ಮುಖ್ಯಮಂತ್ರಿ ಆಯ್ಕೆ. ಎಡಪಕ್ಷದ ಬೋಡೋ ರಾಮೆಲೋವ್ ಮತ್ತೆ ಗೆಲ್ತಾರೆ ಅಂತ ಎಲ್ಲರ ಲೆಕ್ಕ. ಎಎಫ್‌ಡಿ ತನ್ನದೂ ಒಬ್ಬ ಅಭ್ಯರ್ಥಿ ನಿಲ್ಲಿಸಿತ್ತು. ಮೂರನೇ ಸುತ್ತಲ್ಲಿ ಆ ಅಭ್ಯರ್ಥಿಗೆ ಬಿದ್ದ ವೋಟ್ ಸೊನ್ನೆ, ಎಎಫ್‌ಡಿಯವರು ಹೋಗಿ ಎಫ್‌ಡಿಪಿ ಅನ್ನೋ ಪುಟ್ಟ ಪಕ್ಷದ ಥಾಮಸ್ ಕೆಮ್ಮೆರಿಖ್‌ಗೆ ಹಾಕಿದ್ರು, 45-44ರಲ್ಲಿ ಅವರು ಗೆದ್ದುಬಿಟ್ರು. ಎಫ್‌ಡಿಪಿ ಹತ್ರ 90ರಲ್ಲಿ ಇದ್ದಿದ್ದೇ 5 ಸೀಟು, ಅದೂ 5% ಗಡಿ ದಾಟಿದ್ದು ಬರೀ 73 ವೋಟಲ್ಲಿ! ಎಡಪಕ್ಷದ ಸುಸಾನೆ ಹೆನ್ನಿಗ್-ವೆಲ್‌ಸೋವ್ ಅಭಿನಂದನೆಗೆ ಅಂತ ತಂದಿದ್ದ ಹೂಗುಚ್ಛ ತಗೊಂಡು ಸೀದಾ ಹೋಗಿ ಕೆಮ್ಮೆರಿಖ್ ಕಾಲ ಬುಡಕ್ಕೆ ಬಿಸಾಕಿ ವಾಪಸ್ ಬಂದ್ರು. ದೇಶ ಪೂರ್ತಿ ಗಲಾಟೆ, ಕೆಲವೇ ದಿನಕ್ಕೆ ರಾಜೀನಾಮೆ.

ಆ ಆಟದಲ್ಲಿದ್ದ ಎಎಫ್‌ಡಿ ನಾಯಕ ಬ್ಯೋರ್ನ್ ಹ್ಯೋಕೆ. ಪೂರ್ವದವರ ನೋವು ನಂಗೊಬ್ಬನಿಗೇ ಗೊತ್ತು ಅನ್ನೋ ಥರ ಮಾತಾಡ್ತಾರೆ, ಹುಟ್ಟಿದ್ದು ಪಶ್ಚಿಮದಲ್ಲಿ, ಇತಿಹಾಸದ ಮೇಷ್ಟ್ರಾಗಿದ್ದಿದ್ದೂ ಪಶ್ಚಿಮದ ಹೆಸ್ಸೆನ್‌ನಲ್ಲಿ. ನಾಜಿ ಪಡೆಯ ಘೋಷಣೆ ಭಾಷಣದಲ್ಲಿ ಬಳಸಿದ್ದಕ್ಕೆ 2024ರಲ್ಲಿ ಕೋರ್ಟ್ ದಂಡ ಹಾಕಿದೆ. ಅವರ ಮನೆ ಇರೋದು ಐಖ್ಸ್‌ಫೆಲ್ಡ್ ಜಿಲ್ಲೇಲಿ, ಬಿಷೋಫೆರೋಡ ಗಣಿ ಇದ್ದ ಜಿಲ್ಲೆನೇ. ಅಲ್ಲಿ 2019ರಲ್ಲಿ ನಿಂತು ಸೋತ್ರು. ಅದು ಕ್ಯಾಥೊಲಿಕ್ ಪ್ರದೇಶ, ಚರ್ಚು, ಸಂಘ, ಊರೊಟ್ಟಿನ ಜೀವನ ಇನ್ನೂ ಗಟ್ಟಿ ಇದೆ, ಮರ್ಕೆಲ್ ಅವರ ಸಿಡಿಯು ಪಕ್ಷಕ್ಕೆ ಹಳೇ ಭದ್ರ ನೆಲೆ. ಗಣಿ ಮುಚ್ಚಿದ ಕಡೆಯೆಲ್ಲಾ ಎಎಫ್‌ಡಿ ಅನ್ನೋ ಸೂತ್ರ ಸೂತ್ರದ ತವರಲ್ಲೇ ಪೂರ್ತಿ ಕೂರಲ್ಲ ನೋಡಿ.

2021ರಲ್ಲಿ ಪಕ್ಷ 10.3%ಗೆ ಇಳಿದಿತ್ತು. ಮತ್ತೆ ಎತ್ತಿದ್ದು ಯುಕ್ರೇನ್ ಯುದ್ಧದ ನಂತರದ ಗ್ಯಾಸ್ ಬಿಲ್ಲು, ಬೆಲೆ ಏರಿಕೆ, ಮತ್ತೆ 2023ರ ಹೀಟಿಂಗ್ ಕಾನೂನು. ಹಳೇ ಗ್ಯಾಸ್ ಬಾಯ್ಲರ್ ಬದಲು ಹೀಟ್ ಪಂಪ್ ಹಾಕಿಸ್ಬೇಕಂತೆ, ಸಾವಿರಾರು ಯೂರೋ ಅಂತೆ ಅಂತ ಸುದ್ದಿ ಹಬ್ಬಿತು. ಅರ್ಧ ನಿಜ, ಅರ್ಧ ಗಾಬರಿ. ಆಗಿನ ಚಾನ್ಸಲರ್ ಶೋಲ್ಜ್ ಸರ್ಕಾರದ ಮೂರು ಪಕ್ಷಗಳು ಬೀದೀಲೇ ಕಿತ್ತಾಡ್ತಿದ್ವು, ಎಎಫ್‌ಡಿ ಸುಮ್ನೆ ಕೂತಿದ್ರೂ ಬೆಳೀತಿತ್ತು. 2024ರ ಸೆಪ್ಟೆಂಬರಲ್ಲಿ ಥುರಿಂಗಿಯಾದಲ್ಲಿ 32.8%, ಮೊದಲ ಸ್ಥಾನ. ಮುಂದಿನ ತಿಂಗಳು ಅದೇ ಶೋಲ್ಜ್ ದೆಹಲಿಗೆ ಬಂದಾಗ, ಭಾರತದ ನುರಿತ ಕೆಲಸಗಾರರಿಗೆ ಕೊಡೋ ವೀಸಾನ ಜರ್ಮನಿ ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುತ್ತೆ ಅಂತ ಘೋಷಣೆ ಆಯ್ತು. ಬೆಂಗಳೂರಿಂದ ಜರ್ಮನ್ ಕ್ಲಾಸಿಗೆ ಹೋಗ್ತಿರೋ ಹುಡುಗರು ಈ ಎರಡು ಸುದ್ದಿನೂ ಜೊತೆಗೇ ಓದಿರ್ತಾರೆ.

2025ರ ಫಲಿತಾಂಶದಲ್ಲಿ ನಂಗೆ ಪೂರ್ವದ ಅಂಕಿಗಿಂತ ಕಣ್ಣಿಗೆ ಬಿದ್ದಿದ್ದು ಪಶ್ಚಿಮದ ಗೆಲ್ಸೆನ್‌ಕಿರ್ಶೆನ್. ರೂರ್ ಪ್ರದೇಶದ ಕಲ್ಲಿದ್ದಲು ಊರು, ಫುಟ್ಬಾಲ್ ಹುಚ್ಚಿನ ಊರು, ತಲೆಮಾರುಗಳಿಂದ ಶ್ರೋಡರ್, ಶೋಲ್ಜ್ ಅವರ ಪಕ್ಷ ಎಸ್‌ಪಿಡಿಯ ಕೋಟೆ. ಅಲ್ಲಿ ಪಕ್ಷಕ್ಕೆ ಹಾಕೋ ವೋಟಲ್ಲಿ (ಜರ್ಮನಿಯಲ್ಲಿ ಅಭ್ಯರ್ಥಿಗೊಂದು, ಪಕ್ಷಕ್ಕೊಂದು ವೋಟ್) ಎಎಫ್‌ಡಿ ಎಸ್‌ಪಿಡಿಯನ್ನ ಹಿಂದಿಕ್ಕಿ ಮೊದಲು ಬಂತು. ಅದೇ ವರ್ಷ ಸೆಪ್ಟೆಂಬರಲ್ಲಿ ಮೇಯರ್ ಚುನಾವಣೆಯ ಕೊನೇ ಸುತ್ತು ಎಸ್‌ಪಿಡಿ ಗೆದ್ದುಕೊಂಡಿತು, ಎದುರಿಗಿದ್ದಿದ್ದು ಮಾತ್ರ ಎಎಫ್‌ಡಿನೇ. ಆ ಊರಿನ ಕೊನೇ ಗಣಿ ಮುಚ್ಚಿದ್ದು 2008ರಲ್ಲಿ.