ಪದ ಪರಿಚಯ: ವಾರ್ಮ್‌ಮೀಟೆ, ಅಂದರೆ ‘ಬೆಚ್ಚಗಿನ ಬಾಡಿಗೆ’ಯಲ್ಲಿ ಏನೇನಿದೆ, ಏನೇನಿಲ್ಲ

ಜರ್ಮನಿಯ ಮ್ಯೂನಿಕ್‌ನಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ಒಂದೇ ಮನೆಗೆ ಎರಡು ಬಾಡಿಗೆ ಕಾಣಿಸುತ್ತದೆ. ಒಂದು ಕಾಲ್ಟ್‌ಮೀಟೆ, ಇನ್ನೊಂದು ವಾರ್ಮ್‌ಮೀಟೆ. ಮೀಟೆ ಅಂದರೆ ಬಾಡಿಗೆ. ಕಾಲ್ಟ್ ಅಂದರೆ ತಣ್ಣಗಿನದು, ವಾರ್ಮ್ ಅಂದರೆ ಬೆಚ್ಚಗಿನದು. ಬರೀ ಗೋಡೆ, ಸೂರಿಗೆ ಕೊಡುವ ದುಡ್ಡು ಕಾಲ್ಟ್‌ಮೀಟೆ. ಅದಕ್ಕೆ ನೀರು, ಕಸ, ಮೆಟ್ಟಿಲು ಗುಡಿಸುವುದು, ಮನೆ ಬಿಸಿ ಮಾಡುವುದು ಇವೆಲ್ಲ ಸೇರಿದರೆ ವಾರ್ಮ್‌ಮೀಟೆ. ಈ ಸೇರುವ ಭಾಗಕ್ಕೆ ನೇಬೆನ್‌ಕೋಸ್ಟೆನ್ ಎಂದು ಹೆಸರು.

ಇಷ್ಟು ಕೇಳಿದ ಬೆಂಗಳೂರಿನವರು ‘ಓ, ನಮ್ಮ ಮೈಂಟೆನೆನ್ಸ್ ತರಹ’ ಅನ್ನುತ್ತಾರೆ. ಪೂರ್ತಿ ತಪ್ಪಲ್ಲ. ಆದರೆ ಅಪಾರ್ಟ್‌ಮೆಂಟ್‌ನ ಮೈಂಟೆನೆನ್ಸ್ ಕೊಟ್ಟರೆ ಆ ತಿಂಗಳ ಲೆಕ್ಕ ಅಲ್ಲಿಗೆ ಮುಗಿಯಿತು. ನೇಬೆನ್‌ಕೋಸ್ಟೆನ್ ಹಾಗಲ್ಲ. ನೀವು ತಿಂಗಳು ತಿಂಗಳು ಕೊಡುವುದು ಮುಂಗಡ ಮಾತ್ರ. ವರ್ಷ ಮುಗಿದ ಮೇಲೆ ನಿಜವಾದ ಖರ್ಚನ್ನು ಲೆಕ್ಕ ಹಾಕುತ್ತಾರೆ. ಕಡಿಮೆ ಕೊಟ್ಟಿದ್ದರೆ ಇನ್ನಷ್ಟು ಕಟ್ಟಬೇಕು, ಜಾಸ್ತಿ ಕೊಟ್ಟಿದ್ದರೆ ವಾಪಸ್ ಬರುತ್ತದೆ. ಅಂದರೆ ವಾರ್ಮ್‌ಮೀಟೆ ಎಂಬ ಅಂಕಿ ಬೆಲೆಯಲ್ಲ, ಅಂದಾಜು. ಇದನ್ನು ಖಾಯಂ ಬೆಲೆ ಎಂದು ನಂಬಿ ತಿಂಗಳ ಬಜೆಟ್ ಹಾಕಿದವರಿಗೆ ಮುಂದಿನ ವರ್ಷ ಬರುವ ಒಂದು ಪತ್ರ ಕಹಿ ಸುದ್ದಿ ತರಬಹುದು.

ಆ ಪತ್ರದ ಹೆಸರು ಆಬ್‌ರೆಖ್‌ನುಂಗ್, ಅಂದರೆ ವರ್ಷದ ಲೆಕ್ಕಪತ್ರ. ಅದರ ಕೊನೆಯಲ್ಲಿ ಎರಡರಲ್ಲಿ ಒಂದು ಪದ ಇರುತ್ತದೆ. ಗೂಟ್‌ಹಾಬೆನ್ ಅಂತಿದ್ದರೆ ನಿಮಗೆ ದುಡ್ಡು ಬರುತ್ತದೆ. ನಾಖ್‌ತ್ಸಾಲುಂಗ್ ಅಂತಿದ್ದರೆ ನೀವು ಕಟ್ಟಬೇಕು. ಜರ್ಮನಿಗೆ ಹೊಸದಾಗಿ ಬಂದವರ ಮಾತುಕತೆಯಲ್ಲಿ ಎರಡನೆಯ ಪದವೇ ಜಾಸ್ತಿ ಕೇಳಿಸುತ್ತದೆ. ಅದಕ್ಕೆ ಕಾರಣ ಮನೆ ಓನರ್‌ನ ಮೋಸವೇ ಆಗಿರಬೇಕೆಂದಿಲ್ಲ. ಕ್ಯಾಲೆಂಡರ್ ಸಾಕು.

ಹೇಗೆ ಅಂತ ನೋಡೋಣ. ಮುಂಗಡವನ್ನು ಹನ್ನೆರಡು ತಿಂಗಳಿಗೂ ಸಮನಾಗಿ ಹಂಚಿರುತ್ತಾರೆ. ಚಳಿ ಹಾಗೆ ಸಮನಾಗಿ ಬೀಳುವುದಿಲ್ಲ ಅಲ್ವಾ? ವರ್ಷದ ಮಧ್ಯೆ ಬಾಡಿಗೆದಾರ ಬದಲಾದರೆ ಹೀಟಿಂಗ್ ಖರ್ಚು ಹಂಚಲು ಜರ್ಮನಿಯಲ್ಲಿ ಒಂದು ಪಟ್ಟಿ ಬಳಸುತ್ತಾರೆ. ಇಡೀ ವರ್ಷದ ಬಿಸಿಯನ್ನು 1,000 ಪಾಲು ಅಂತ ಇಟ್ಟುಕೊಂಡರೆ, ಜನವರಿಗೆ 170, ಫೆಬ್ರವರಿಗೆ 150, ಮಾರ್ಚ್‌ಗೆ 130, ಏಪ್ರಿಲ್‌ಗೆ 80, ಮೇಗೆ 40. ಜೂನ್, ಜುಲೈ, ಆಗಸ್ಟ್ ಮೂರೂ ಸೇರಿ 40. ಸೆಪ್ಟೆಂಬರ್‌ಗೆ 30, ಅಕ್ಟೋಬರ್‌ಗೆ 80, ನವೆಂಬರ್‌ಗೆ 120, ಡಿಸೆಂಬರ್‌ಗೆ 160. ಡಿಸೆಂಬರ್, ಜನವರಿ, ಫೆಬ್ರವರಿ ಸೇರಿಸಿ ನೋಡಿ: 480. ವರ್ಷದ ಬಿಸಿಯ ಅರ್ಧದಷ್ಟು ಮೂರೇ ತಿಂಗಳಲ್ಲಿ ಖರ್ಚು.

ಈಗ ಲೆಕ್ಕ. 60 ಚದರ ಮೀಟರ್ ಮನೆ, ಕಾಲ್ಟ್‌ಮೀಟೆ 1,200 ಯೂರೋ ಅಂದುಕೊಳ್ಳಿ. ನೇಬೆನ್‌ಕೋಸ್ಟೆನ್ ಮುಂಗಡ 180, ಅದರಲ್ಲಿ ಹೀಟಿಂಗ್ ಪಾಲು 80. ವಾರ್ಮ್‌ಮೀಟೆ 1,380. ಓದು ಮುಗಿಸಿ ಅಥವಾ ಹೊಸ ಕೆಲಸಕ್ಕೆ ಅಂತ ಅಕ್ಟೋಬರ್ 1ಕ್ಕೆ ಒಬ್ಬರು ಬಂದಿಳಿದರು. ವರ್ಷದ ಲೆಕ್ಕ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಅವರು ಹೀಟಿಂಗ್‌ಗೆ ಕಟ್ಟಿದ್ದು 240 ಯೂರೋ, ವರ್ಷದ ಮುಂಗಡದ ಕಾಲು ಭಾಗ. ಅವರ ಪಾಲಿಗೆ ಬರುವುದು ವರ್ಷದ ಬಿಸಿಯ ಶೇ. 36. ವರ್ಷದ ಖರ್ಚು ಅಂದಾಜಿನಂತೆ 960 ಯೂರೋ ಆಗಿದ್ದರೂ 345 ಯೂರೋ ಚಿಲ್ಲರೆ ಆಯಿತು. ನೂರು ಯೂರೋಗೂ ಜಾಸ್ತಿ ಕೊರತೆ. ಏನೂ ಅತಿ ಮಾಡಿಲ್ಲ, ಗ್ಯಾಸ್ ಬೆಲೆ ಏರಿಲ್ಲ, ಆದರೂ ನಾಖ್‌ತ್ಸಾಲುಂಗ್. ಅದೇ ಮನೆಗೆ ಏಪ್ರಿಲ್‌ನಲ್ಲಿ ಬಂದವರು ಮುಂಗಡದ ಶೇ. 75 ಕಟ್ಟಿ ಶೇ. 55 ಬಳಸುತ್ತಾರೆ. ಅವರಿಗೆ 190 ಯೂರೋ ವಾಪಸ್! ಬಳಸಿದಷ್ಟು ಮೀಟರ್ ಓದಿ ಹಾಕುವ ಮನೆಗಳಲ್ಲಿ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ಆದರೆ ದಿಕ್ಕು ಇದೇ. ಹಾಗಾಗಿ ಚಳಿಗೆ ಮುಂಚೆ ಬರುವವರು ಮೊದಲ ತಿಂಗಳುಗಳಲ್ಲಿ ಹೀಟಿಂಗ್ ಮುಂಗಡವನ್ನು ಒಂದೂವರೆ ಪಟ್ಟು ಅಂತ ಮನಸ್ಸಿನಲ್ಲಿ ಬರೆದುಕೊಂಡು, ಆ ಹೆಚ್ಚಿನ ಅರ್ಧ ಪಾಲನ್ನು ಬೇರೆ ಎತ್ತಿಡುವುದು ಒಳ್ಳೆಯದು.

ಮುಂಗಡದ ಅಂಕಿಯೇ ಸುಳ್ಳಾಗಿದ್ದರೆ? ಆಗುತ್ತದೆ. ಜಾಹೀರಾತಿನಲ್ಲಿ ವಾರ್ಮ್‌ಮೀಟೆ ಕಡಿಮೆ ಕಾಣಲಿ ಎಂದು ಮುಂಗಡವನ್ನು ತಗ್ಗಿಸಿ ಹಾಕುವವರೂ ಇದ್ದಾರೆ. ಮನೆ ನೋಡಲು ಹೋದಾಗಲೇ ಹಿಂದಿನ ವರ್ಷದ ಆಬ್‌ರೆಖ್‌ನುಂಗ್ ತೋರಿಸಿ ಅಂತ ಕೇಳಿ. ಸಂಕೋಚ ಬೇಡ. ತೋರಿಸದಿದ್ದರೆ ಎನರ್ಜಿ ಸರ್ಟಿಫಿಕೇಟ್ ಇದೆ. ಪಾರಂಪರಿಕ ಕಟ್ಟಡಗಳನ್ನು ಬಿಟ್ಟರೆ ಉಳಿದ ಮನೆಗಳಿಗೆ ಅದನ್ನು ತೋರಿಸಲೇಬೇಕು. ಅದರಲ್ಲಿ ಎ ಪ್ಲಸ್‌ನಿಂದ ಎಚ್‌ವರೆಗೆ ದರ್ಜೆ. ಬಿ ದರ್ಜೆಯ ಮನೆಗೆ ವರ್ಷಕ್ಕೆ ಚದರ ಮೀಟರ್‌ಗೆ 75 ಯೂನಿಟ್ ಒಳಗೆ ಸಾಕು. ಎಫ್ ದರ್ಜೆಗೆ 160ರಿಂದ 200 ಬೇಕು. 60 ಚದರ ಮೀಟರ್‌ಗೆ ಗುಣಿಸಿ. ಒಂದು ಕಡೆ 4,500 ಯೂನಿಟ್, ಇನ್ನೊಂದು ಕಡೆ 10,800ರ ಆಸುಪಾಸು. ಯೂನಿಟ್‌ಗೆ 12 ಸೆಂಟ್ ಹಿಡಿದರೆ 540 ಯೂರೋ ಎಲ್ಲಿ, 1,300 ಯೂರೋ ಎಲ್ಲಿ! ಎತ್ತರದ ಸೀಲಿಂಗ್, ಮರದ ನೆಲ, ದೊಡ್ಡ ಕಿಟಕಿಯ ಹಳೆಯ ಮನೆ ನೋಡಲು ಬಲು ಚೆಂದ. ನನಗೂ ಇಷ್ಟ. ಆದರೆ ಬಾಡಿಗೆ ನೂರು ಯೂರೋ ಕಡಿಮೆ ಎಂದು ಅದನ್ನೇ ಹಿಡಿಯುವ ಮೊದಲು ಈ ದರ್ಜೆಯನ್ನು ನೋಡಬೇಕು.

ಇನ್ನೊಂದು ಪ್ರಶ್ನೆ ಕೇಳಲೇಬೇಕು: ಮನೆ ಬಿಸಿಯಾಗುವುದು ಹೇಗೆ, ಬಿಲ್ ಯಾರ ಹೆಸರಿಗೆ? ಇಡೀ ಕಟ್ಟಡಕ್ಕೆ ಒಂದೇ ಬಾಯ್ಲರ್ ಇದ್ದರೆ ಅಥವಾ ನಗರದ ಕೊಳವೆಯಿಂದ ಬಿಸಿನೀರು ಬರುತ್ತಿದ್ದರೆ ಅದು ನೇಬೆನ್‌ಕೋಸ್ಟೆನ್‌ನಲ್ಲಿ ಸೇರಿರುತ್ತದೆ. ಮ್ಯೂನಿಕ್‌ನಲ್ಲಿ ಈ ಎರಡನೆಯ ಬಗೆಗೆ ಫೆರ್ನ್‌ವೇರ್ಮೆ ಅನ್ನುತ್ತಾರೆ. ಭೂಮಿಯ ಆಳದ ಬಿಸಿನೀರನ್ನೂ ಅದಕ್ಕೆ ಬಳಸುತ್ತಾರೆ. ಆದರೆ ಕೆಲವು ಹಳೆಯ ಮನೆಗಳಲ್ಲಿ ಪ್ರತಿ ಮನೆಗೂ ಒಂದೊಂದು ಗ್ಯಾಸ್ ಬಾಯ್ಲರ್ ಗೋಡೆಗೆ ತೂಗುಹಾಕಿರುತ್ತದೆ. ಅಲ್ಲಿ ಗ್ಯಾಸ್ ಕಂಪನಿಯ ಜೊತೆ ಒಪ್ಪಂದ ನೀವೇ ಮಾಡಿಕೊಳ್ಳಬೇಕು. ಜಾಹೀರಾತಿನಲ್ಲಿ ವಾರ್ಮ್‌ಮೀಟೆ ಎಂದು ಬರೆದಿದ್ದರೂ ಅದರಲ್ಲಿ ಬಿಸಿಯೇ ಇರುವುದಿಲ್ಲ. ಸ್ನಾನದ ನೀರಿನ ಕಥೆಯೂ ಹೀಗೇ. ಬಚ್ಚಲಲ್ಲಿ ಕರೆಂಟಿನ ಇನ್‌ಸ್ಟಂಟ್ ಹೀಟರ್ ಇದ್ದರೆ ಆ ಖರ್ಚು ನಿಮ್ಮ ಕರೆಂಟ್ ಬಿಲ್‌ಗೆ ಹೋಗುತ್ತದೆ. ಮನೆಯ ಕರೆಂಟ್ ಸಾಮಾನ್ಯವಾಗಿ ವಾರ್ಮ್‌ಮೀಟೆಯ ಹೊರಗೆ. ಅದಕ್ಕೂ ತಿಂಗಳ ಮುಂಗಡ, ವರ್ಷಕ್ಕೊಮ್ಮೆ ಲೆಕ್ಕ. ಬೆಸ್ಕಾಂ ತರಹ ಪ್ರತಿ ತಿಂಗಳು ಮೀಟರ್ ನೋಡಿ ಬಿಲ್ ಹಾಕುವ ಪದ್ಧತಿ ಇಲ್ಲ.

ಹಾಗಾದರೆ ನೇಬೆನ್‌ಕೋಸ್ಟೆನ್‌ನಲ್ಲಿ ಓನರ್ ಏನು ಬೇಕಾದರೂ ತುರುಕಬಹುದಾ? ಇಲ್ಲ. 2004ರಿಂದ ಜಾರಿಯಲ್ಲಿರುವ ನಿಯಮದಲ್ಲಿ 17 ಬಾಬತ್ತುಗಳ ಪಟ್ಟಿ ಇದೆ. ನೀರು, ಒಳಚರಂಡಿ, ಲಿಫ್ಟ್, ಕಸ, ತೋಟ, ಮೆಟ್ಟಿಲ ದೀಪ, ಚಿಮಣಿ ಗುಡಿಸುವವರ ಕೂಲಿ ಎಲ್ಲ ಅದರಲ್ಲಿವೆ. ಕಟ್ಟಡದ ವಿಮೆಯೂ ಇದೆ. ಮನೆ ಕಂದಾಯವೂ ಇದೆ! ನಮ್ಮಲ್ಲಿ ಕಂದಾಯ ಕಟ್ಟುವುದು ಓನರ್ ತಲೆನೋವು, ಅಲ್ಲಿ ಅದನ್ನು ಬಾಡಿಗೆದಾರನ ಮೇಲೆ ಹಾಕಬಹುದು. ರಿಪೇರಿ ಖರ್ಚು ಮತ್ತು ಕಟ್ಟಡ ನೋಡಿಕೊಳ್ಳುವ ಆಫೀಸಿನ ಫೀಸು ಮಾತ್ರ ಹಾಕುವ ಹಾಗಿಲ್ಲ. ಲೆಕ್ಕಪತ್ರ ಬಂದಾಗ ಮೊದಲು ಹುಡುಕಬೇಕಾದದ್ದು ಈ ಎರಡನ್ನು. ಕೇಬಲ್ ಟಿವಿ ಶುಲ್ಕವನ್ನೂ 2024ರ ಜುಲೈಯಿಂದ ಹಾಕುವ ಹಾಗಿಲ್ಲ.

ಹಿಮ ತೆಗೆಯುವ ಖರ್ಚು ಎಲ್ಲಿ ಬಂತು ಅಂತ ಕೇಳುತ್ತೀರಾ? ಅದೂ ಈ ಪಟ್ಟಿಯೊಳಗೇ, ವಿಂಟರ್‌ಡೀನ್ಸ್ಟ್ ಎಂಬ ಹೆಸರಿನಲ್ಲಿ. ಹೊಸಬರು ಹೆದರುವುದು ಹಿಮಕ್ಕೆ. 2023ರ ಡಿಸೆಂಬರ್ 2ರಂದು ಮ್ಯೂನಿಕ್‌ನಲ್ಲಿ 40 ಸೆಂಟಿಮೀಟರ್‌ಗೂ ಜಾಸ್ತಿ ಹಿಮ ಇತ್ತು. ವಿಮಾನ ನಿಲ್ದಾಣ ಮುಚ್ಚಿತು, ಬಯರ್ನ್ ತಂಡದ ಫುಟ್‌ಬಾಲ್ ಪಂದ್ಯ ಮುಂದೆ ಹೋಯಿತು. ಆದರೆ ದೊಡ್ಡ ಕಟ್ಟಡದಲ್ಲಿ ಹಿಮದ ಖರ್ಚು ಎಲ್ಲ ಮನೆಗೂ ಹಂಚಿಹೋಗುತ್ತದೆ, ಒಬ್ಬೊಬ್ಬರಿಗೆ ಬರುವುದು ಸಣ್ಣ ಮೊತ್ತ. ಜೇಬಿಗೆ ಭಾರವಾಗುವುದು ಹಿಮವಲ್ಲ, ಹಿಮವೇ ಬೀಳದ ಒಣ ಚಳಿ. ಪುಟ್ಟ ಕಟ್ಟಡದಲ್ಲಿ ಮಾತ್ರ ಕರಾರು ಪತ್ರ ಸರಿಯಾಗಿ ಓದಿ. ಹಿಮ ತೆಗೆಯಲು ಸಲಿಕೆ ಹಿಡಿಯುವ ಕೆಲಸವನ್ನು ಬಾಡಿಗೆದಾರರಿಗೇ ಸರದಿಯಲ್ಲಿ ವಹಿಸಿರಬಹುದು. ಮ್ಯೂನಿಕ್‌ನ ಹೊರ ಬಡಾವಣೆಗಳಲ್ಲಿ ಮನೆಯ ಮುಂದಿನ ಕಾಲುದಾರಿ ಕೆಲಸದ ದಿನ ಬೆಳಗ್ಗೆ 7ಕ್ಕೆಲ್ಲ ನಡೆಯುವ ಹಾಗಿರಬೇಕು. ನಿಮ್ಮ ಸರದಿಯ ದಿನ ಯಾರಾದರೂ ಜಾರಿ ಬಿದ್ದು ಕಾಲು ಮುರಿದುಕೊಂಡರೆ ಹೊಣೆ ನಿಮ್ಮ ತಲೆಗೆ ಬರಬಹುದು. ಅಲ್ಲಿನವರು ಹಾಫ್ಟ್‌ಪ್ಲಿಷ್ಟ್ ಎಂಬ ಹೊಣೆಗಾರಿಕೆ ವಿಮೆ ಇಟ್ಟುಕೊಳ್ಳುವುದು ಸುಮ್ನೆ ಅಲ್ಲ. ಅದು ಅಗ್ಗವೂ ಹೌದು.

ಬಿಸಿಯ ಲೆಕ್ಕಕ್ಕೆ ಮತ್ತೆ ಬರೋಣ, ಏಕೆಂದರೆ ಇಲ್ಲಿ ಇನ್ನೊಂದು ಗಂಟು ಇದೆ. ಕಟ್ಟಡದ ಒಟ್ಟು ಹೀಟಿಂಗ್ ಖರ್ಚಿನಲ್ಲಿ ಶೇ. 50ರಿಂದ 70 ಭಾಗವನ್ನು ಮಾತ್ರ ಯಾರು ಎಷ್ಟು ಬಳಸಿದರು ಎಂದು ನೋಡಿ ಹಂಚುತ್ತಾರೆ. ಉಳಿದದ್ದು ಮನೆಯ ಅಳತೆಗೆ ತಕ್ಕಂತೆ. ಡಿಸೆಂಬರ್‌ನಲ್ಲಿ ರಜೆ ಹಾಕಿ ತಿಂಗಳು ಪೂರ್ತಿ ಊರಿಗೆ ಹೋದರೂ ಆ ಎರಡನೆಯ ಪಾಲು ತಪ್ಪುವುದಿಲ್ಲ. ಹಾಗಂತ ಹೋಗುವಾಗ ಎಲ್ಲ ಮುಚ್ಚಿಟ್ಟು ಹೋಗಬೇಡಿ. ಕೋಣೆ ಬಿಸಿ ಮಾಡುವ ರೇಡಿಯೇಟರ್‌ನ ತಿರುಪಿನ ಮೇಲೆ 1ರಿಂದ 5ರವರೆಗೆ ಅಂಕಿ, ಜೊತೆಗೆ ಹಿಮದ ಚುಕ್ಕಿಯ ಗುರುತು ಇರುತ್ತದೆ. ಆ ಚುಕ್ಕಿಗೆ ಇಟ್ಟರೆ ಪೈಪಿನ ನೀರು ಹೆಪ್ಪುಗಟ್ಟದಷ್ಟು ಬಿಸಿ ಉಳಿಯುತ್ತದೆ. ಮನೆಯಲ್ಲಿದ್ದಾಗ 3 ಅಂದರೆ ಸುಮಾರು 20 ಡಿಗ್ರಿ. ಒಂದು ಡಿಗ್ರಿ ಇಳಿಸಿದರೆ ಸುಮಾರು ಶೇ. 6 ಉಳಿತಾಯ ಅನ್ನುತ್ತಾರೆ.

ಇಳಿಸುವುದಕ್ಕೂ ಮಿತಿ ಇದೆ. ತಣ್ಣಗಿನ ಗೋಡೆ, ಒಳಗೇ ಒಣಗಿಸಿದ ಬಟ್ಟೆ, ಸಾರು ಕುದಿಯುವ ಆವಿ ಸೇರಿದರೆ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಕಿಟಕಿಯನ್ನು ದಿನಕ್ಕೆ ಎರಡು ಮೂರು ಸಲ ಪೂರ್ತಿ ತೆರೆದು, ಐದು ಹತ್ತು ನಿಮಿಷ ಗಾಳಿ ಆಡಿಸಿ ಮುಚ್ಚಬೇಕು. ಅರ್ಧ ಓರೆ ಮಾಡಿ ದಿನವಿಡೀ ಬಿಟ್ಟರೆ ಬಿಸಿ ಹೋಗುತ್ತದೆ, ಬೂಷ್ಟು ಹೋಗುವುದಿಲ್ಲ. ಗಾಳಿ ಆಡಿಸದೆ ಬೂಷ್ಟು ಬಂತು ಎಂದು ತೀರ್ಮಾನವಾದರೆ ಗೋಡೆ ಸರಿಮಾಡುವ ಖರ್ಚು ಬಾಡಿಗೆದಾರನದು.

ವಾರ್ಮ್‌ಮೀಟೆಯ ಹೊರಗೆ ಉಳಿಯುವ ಬೇರೆ ಖರ್ಚುಗಳನ್ನು ಬೇಗ ಹೇಳಿಬಿಡುತ್ತೇನೆ. ಟಿವಿ ಇರಲಿ ಬಿಡಲಿ, ಪ್ರತಿ ಮನೆಯೂ ಪ್ರಸಾರ ಶುಲ್ಕ ಎಂದು ತಿಂಗಳಿಗೆ 18.36 ಯೂರೋ ಕೊಡಬೇಕು. ವಿಳಾಸ ನೋಂದಾಯಿಸಿದ ಸ್ವಲ್ಪ ದಿನಕ್ಕೆ ಪತ್ರ ಬಂದೇ ಬರುತ್ತದೆ. ಡೆಪಾಸಿಟ್‌ನ ಹೆಸರು ಕೌತ್ಸಿಯೋನ್. ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಅಭ್ಯಾಸವಾದ ಬೆಂಗಳೂರಿನವರಿಗೆ ಇದು ಸಮಾಧಾನದ ಸುದ್ದಿ: ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಅದನ್ನೂ ಮೂರು ಕಂತಲ್ಲಿ ಕೊಡಬಹುದು. ಆದರೆ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಅಂದರೆ ಬರೀ ನಲ್ಲಿ ಪೈಪು ಮತ್ತು ಖಾಲಿ ಗೋಡೆ. ಸಿಂಕ್, ಒಲೆ, ಕಪಾಟು ನೀವೇ ತರಬೇಕು, ಇಲ್ಲವೇ ಹಿಂದಿನವರಿಂದ ಕೊಳ್ಳಬೇಕು. ದೀಪ ಇರಬೇಕಾದ ಕಡೆ ವೈರ್ ಮಾತ್ರ ನೇತಾಡುತ್ತಿರುತ್ತದೆ. ಕಾರು ಇದ್ದರೆ ಚಳಿಗಾಲದ ಟೈರು ಬೇರೆ. ಹಿಮ, ಮಂಜುಗಡ್ಡೆಯ ರಸ್ತೆಯಲ್ಲಿ ಅದಿಲ್ಲದೆ ಓಡಿಸಿ ಸಿಕ್ಕಿಬಿದ್ದರೆ 60 ಯೂರೋ ದಂಡ, ಲೈಸೆನ್ಸ್ ದಾಖಲೆಗೆ ಒಂದು ಪಾಯಿಂಟ್.

ಲೆಕ್ಕಪತ್ರ ಕೈಗೆ ಬಂದ ಕೂಡಲೇ ಹೆದರಿ ದುಡ್ಡು ಕಟ್ಟಬೇಕಿಲ್ಲ. ಲೆಕ್ಕದ ವರ್ಷ ಮುಗಿದು 12 ತಿಂಗಳೊಳಗೆ ಅದು ನಿಮ್ಮನ್ನು ತಲುಪಿರಬೇಕು. ತಡವಾದದ್ದು ಓನರ್‌ನ ತಪ್ಪಿನಿಂದಲೇ ಆದರೆ ಅವರು ಹೆಚ್ಚುವರಿ ದುಡ್ಡು ಕೇಳುವಂತಿಲ್ಲ. ಬಿಲ್‌ಗಳನ್ನು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಆಕ್ಷೇಪ ಹೇಳಲು ಪತ್ರ ಬಂದ ಮೇಲೆ 12 ತಿಂಗಳು ಅವಕಾಶ. ಬಳಕೆ ಅಳೆಯದೆ ಬರೀ ಅಳತೆಯ ಮೇಲೆ ಬಿಸಿಯ ಖರ್ಚು ಹಂಚಿದ್ದರೆ ನಿಮ್ಮ ಪಾಲಿನಲ್ಲಿ ಶೇ. 15 ಕಡಿತ ಮಾಡಿಕೊಳ್ಳಬಹುದು. 2023ರಿಂದ ಇನ್ನೊಂದು ಸಾಲನ್ನೂ ನೋಡಬೇಕು. ಗ್ಯಾಸ್ ಮತ್ತು ತೈಲದ ಮೇಲಿನ ಇಂಗಾಲ ಶುಲ್ಕವನ್ನು ಓನರ್ ಕೂಡ ಹಂಚಿಕೊಳ್ಳಬೇಕು. ಮನೆ ಎಷ್ಟು ಬಿಸಿ ಸೋರುತ್ತದೋ ಓನರ್ ಪಾಲು ಅಷ್ಟು ದೊಡ್ಡದು, ತೀರಾ ಕೆಟ್ಟ ಕಟ್ಟಡದಲ್ಲಿ ಶೇ. 95ರವರೆಗೆ. ಜರ್ಮನ್ ಓದಲು ಕಷ್ಟವಾದರೆ ಬಾಡಿಗೆದಾರರ ಸಂಘಗಳಿವೆ. ವರ್ಷದ ಚಂದಾ ಕೊಟ್ಟು ಸದಸ್ಯರಾದರೆ ಲೆಕ್ಕಪತ್ರ ಪರಿಶೀಲಿಸಿ ಕೊಡುತ್ತಾರೆ.

ಮನೆ ಬಿಟ್ಟ ಮೇಲೂ ಈ ಲೆಕ್ಕ ನಿಮ್ಮನ್ನು ಬಿಡುವುದಿಲ್ಲ. ಮಾರ್ಚ್‌ನಲ್ಲಿ ಕೆಲಸ ಮುಗಿಸಿ ಬೆಂಗಳೂರಿಗೆ ಹೊರಟವರಿಗೆ ಆ ಮೂರು ತಿಂಗಳ ಆಬ್‌ರೆಖ್‌ನುಂಗ್ ಮುಂದಿನ ವರ್ಷ ಬರಬಹುದು. ಅವರು ಬಳಸಿದ್ದು ವರ್ಷದ ಅತಿ ದುಬಾರಿ ತಿಂಗಳುಗಳನ್ನು: ಪಟ್ಟಿಯ ಪ್ರಕಾರ 450 ಪಾಲು. ಕಟ್ಟಿದ್ದು 250 ಪಾಲಿನ ಮುಂಗಡ. ಅದಕ್ಕಾಗಿಯೇ ಓನರ್ ಕೌತ್ಸಿಯೋನ್‌ನಲ್ಲಿ ಒಂದಿಷ್ಟನ್ನು ಲೆಕ್ಕ ಮುಗಿಯುವವರೆಗೆ ಹಿಡಿದಿಟ್ಟುಕೊಳ್ಳಬಹುದು. ಹೊರಡುವ ದಿನ ಮೀಟರ್‌ಗಳ ಫೋಟೋ ತೆಗೆದುಕೊಳ್ಳಿ, ಊರಿನ ವಿಳಾಸ ಬರೆದುಕೊಡಿ, ಜರ್ಮನಿಯ ಬ್ಯಾಂಕ್ ಖಾತೆಯನ್ನು ಆ ಲೆಕ್ಕ ಚುಕ್ತಾ ಆಗುವವರೆಗೆ ಮುಚ್ಚಬೇಡಿ.