ಕೊಡಗಿನ ಬೆಟ್ಟಗಳ ಅಡಿಯಲ್ಲಿ ಜ್ವಾಲಾಮುಖಿ ಇದೆಯೇ?

ಪ್ರಶ್ನೆ: ಮಳೆಗಾಲದಲ್ಲಿ ಒಮ್ಮೊಮ್ಮೆ ನಮ್ಮ ಕಡೆ ನೆಲದೊಳಗಿಂದ ಗುಡುಗಿದಂತೆ ಸದ್ದು ಬರುತ್ತದೆ. ಮನೆ ಕಟ್ಟಲು ತಂದ ಕೆಂಪುಕಲ್ಲಿನ ತುಂಬ ತೂತುಗಳು. ನಮ್ಮ ಬೆಟ್ಟಗಳು ಹಳೆಯ ಜ್ವಾಲಾಮುಖಿಗಳೇ? ಮುಂದೆ ಸಿಡಿಯಬಹುದೇ?

ಉತ್ತರ: ಅಲ್ಲ, ಸಿಡಿಯುವುದೂ ಇಲ್ಲ. ಭೂಮಿಯೊಳಗೆ ಎಲ್ಲ ಕಡೆಯೂ ಶಿಲಾರಸ ತುಂಬಿಕೊಂಡಿದೆ, ಎಲ್ಲಿ ಬಿರುಕು ಬಿಟ್ಟರೂ ಅದು ಉಕ್ಕುತ್ತದೆ ಎಂಬ ಕಲ್ಪನೆಯೇ ಈ ಭಯದ ಮೂಲ. ಭೂಮಿಯ ಹೊರಚಿಪ್ಪಿನ ಕೆಳಗಿರುವ ಮ್ಯಾಂಟಲ್ ಎಂಬ ದಪ್ಪ ಪದರ ಸಾವಿರ ಡಿಗ್ರಿ ಮೀರಿ ಕಾದಿದ್ದರೂ ಬಹುಪಾಲು ಗಟ್ಟಿ ಬಂಡೆಯೇ. ಮೇಲಿನ ಭಾರ ಅದನ್ನು ಕರಗಲು ಬಿಡುವುದಿಲ್ಲ. ಅದು ಕರಗಬೇಕಾದರೆ ಭೂಫಲಕಗಳು, ಅಂದರೆ ಭೂಮಿಯ ಹೊರಪದರದ ಬೃಹತ್ ತುಂಡುಗಳು, ದೂರ ಸರಿದು ಒತ್ತಡ ಇಳಿಯಬೇಕು, ಇಲ್ಲವೇ ಆಳದಿಂದ ವಿಪರೀತ ಬಿಸಿ ಬಂಡೆ ಮೇಲೇರಿ ಬರಬೇಕು, ಇಲ್ಲವೇ ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುವಾಗ ನೀರನ್ನೂ ಒಯ್ಯಬೇಕು. ನೀರು ಸೇರಿದರೆ ಬಂಡೆ ಕಡಿಮೆ ಬಿಸಿಗೇ ಕರಗುತ್ತದೆ. ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿ ಹುಟ್ಟಿದ್ದು ಹಾಗೆ. ನೂರೈವತ್ತು ವರ್ಷಕ್ಕೂ ಹೆಚ್ಚು ಸುಮ್ಮನಿದ್ದು 1991ರಲ್ಲಿ ಅದು ಮತ್ತೆ ಉಕ್ಕಿತು. ಕರಗಿದ ರಸ ಸುತ್ತಲಿನ ಬಂಡೆಗಿಂತ ಹಗುರ, ಅದಕ್ಕೇ ಮೇಲೇರುತ್ತದೆ. ತೆಳುವಾಗಿದ್ದರೆ ಅನಿಲ ಸುಲಭವಾಗಿ ಹೊರಬಿದ್ದು ಲಾವಾ ಹರಿಯುತ್ತದೆ. ಸಿಲಿಕಾ ಹೆಚ್ಚಿ ಮಂದವಾದರೆ ಅನಿಲ ಸಿಕ್ಕಿಕೊಂಡು ಸ್ಫೋಟವಾಗುತ್ತದೆ.

ಬಂಡೆ ಕರಗಿಸುವ ಈ ಮೂರು ಕಾರಣಗಳಲ್ಲಿ ಒಂದೂ ಕೊಡಗಿನಲ್ಲಿ ಇಲ್ಲ. ಫಲಕದ ಅಂಚು ಸಾವಿರಾರು ಕಿಲೋಮೀಟರ್ ಆಚೆ. ನಮ್ಮ ನೈಸ್, ಚಾರ್ನೊಕೈಟ್ ಎಂಬ ಗಟ್ಟಿ ಬಂಡೆಗಳು 300 ಕೋಟಿ ವರ್ಷಕ್ಕೂ ಹಳೆಯವು. ಚಾರ್ನೊಕೈಟ್ ರೂಪುಗೊಳ್ಳುವುದು ಚಿಪ್ಪಿನ ತೀರ ಆಳದಲ್ಲಿ. ಅದು ಈಗ ಬೆಟ್ಟದ ನೆತ್ತಿಯಲ್ಲಿ ಕಾಣುತ್ತದೆಂದರೆ ಮೇಲಿದ್ದ ಹಲವು ಕಿಲೋಮೀಟರ್ ದಪ್ಪದ ಬಂಡೆ ಸವೆದು ಹೋಗಿದೆ ಎಂದರ್ಥ. 1748 ಮೀಟರ್ ಎತ್ತರದ ತಡಿಯಂಡಮೋಳ್ ಲಾವಾ ಪೇರಿಸಿ ಕಟ್ಟಿದ ಶಂಕುವಲ್ಲ, ಸವೆತ ಉಳಿಸಿದ ಗಟ್ಟಿ ಭಾಗ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ದಖನ್ ಲಾವಾದ ಕರಿಕಲ್ಲನ್ನು ನೋಡಬೇಕಾದರೆ ಬೆಳಗಾವಿ, ವಿಜಯಪುರ, ಬೀದರ್ ಕಡೆ ಹೋಗಬೇಕು. ಆ ಹಾಸು ಇಲ್ಲಿಗೆ ತಲುಪಿಲ್ಲ.

ಇನ್ನು ಕೆಂಪುಕಲ್ಲು, ಅಂದರೆ ಜಂಬಿಟ್ಟಿಗೆ. ಬಿಸಿಲು ಮಳೆಗೆ ಬಂಡೆ ಕೊಳೆತು, ಕರಗುವ ಅಂಶವೆಲ್ಲ ನೀರಿನೊಂದಿಗೆ ಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದು ಅದು ಆಗಿದೆ. ತೂತುಗಳನ್ನು ಹತ್ತಿರದಿಂದ ನೋಡಿ: ಅಂಕುಡೊಂಕಾಗಿ ಒಂದಕ್ಕೊಂದು ಕೂಡಿರುತ್ತವೆ, ಒಳಗೆ ಜೇಡಿ ಇರುತ್ತದೆ. ಲಾವಾ ಕಲ್ಲಿನಲ್ಲಿ ಅನಿಲದ ಗುಳ್ಳೆ ಬಿಟ್ಟ ತೂತು ಸಾಮಾನ್ಯವಾಗಿ ದುಂಡಗೆ ಅಥವಾ ಮೊಟ್ಟೆಯಾಕಾರಕ್ಕೆ, ಬಿಡಿಬಿಡಿಯಾಗಿ, ನುಣುಪು ಗೋಡೆಯೊಂದಿಗೆ ಇರುತ್ತದೆ. ಆ ಕಲ್ಲು ಕೊಡಲಿಯಲ್ಲಿ ಕಡಿಯುವಷ್ಟು ಮೆದುವೂ ಅಲ್ಲ.

ಸದ್ದಿನ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. 2018ರ ಜುಲೈ ಮತ್ತು 2022ರ ಜೂನ್‌ನಲ್ಲಿ ಇಲ್ಲಿ ಸಣ್ಣ ಭೂಕಂಪನಗಳಾದವು. ಭಾರತದ ಫಲಕ ಉತ್ತರಕ್ಕೆ ಒತ್ತುತ್ತಿರುವುದರಿಂದ ಹಳೆಯ ಬಿರುಕುಗಳಲ್ಲಿ ಸೇರಿದ ಒತ್ತಡ ಹೀಗೆ ಬಿಡುಗಡೆಯಾಗುತ್ತದೆ. ಇದಕ್ಕೆ ಶಿಲಾರಸ ಬೇಕಿಲ್ಲ. ಆದರೆ ಜೋರು ಮಳೆಯಲ್ಲಿ ಕೇಳುವ ಗುಡುಗುಡು ಸದ್ದು ಬರೆಯ, ಅಂದರೆ ಮಣ್ಣಿನ ಕಡಿದಾದ ಇಳಿಜಾರಿನ, ಕುಸಿತದ್ದೂ ಆಗಿರಬಹುದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ, 2020ರಲ್ಲಿ ತಲಕಾವೇರಿಯಲ್ಲಿ ಜೀವ ತೆಗೆದದ್ದು ಇದೇ. ಬಂಡೆಯ ಮೇಲಿನ ದಪ್ಪ ಮಣ್ಣಿಗೆ ನೀರು ಇಂಗಿ, ಭಾರ ಹೆಚ್ಚಿ, ಕಣಗಳ ಹಿಡಿತ ತಪ್ಪುತ್ತದೆ. ಮನೆಗೋ ರಸ್ತೆಗೋ ಇಳಿಜಾರಿನ ಬುಡವನ್ನು ನೆಟ್ಟಗೆ ಕಡಿದಿದ್ದರೆ ಮೇಲಿನ ಮಣ್ಣಿಗೆ ಆಸರೆಯೂ ಇರುವುದಿಲ್ಲ.

ತೋಟದಲ್ಲಿ ಅಡ್ಡ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ಒರತೆ ನೀರು, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು, ಇವು ಬರೆ ಸರಿಯುತ್ತಿರುವ ಸೂಚನೆಗಳು. ಮಳೆ ಸುರಿಯುತ್ತಿರುವಾಗಲೇ ತೋಡಿನ, ಅಂದರೆ ಸಣ್ಣ ಹಳ್ಳದ, ನೀರು ಕಡಿಮೆಯಾದರೆ ಮೇಲೆ ಎಲ್ಲೋ ಮಣ್ಣು ಕುಸಿದು ಅಡ್ಡ ನಿಂತಿರಬಹುದು. ಆ ಕಟ್ಟು ಒಡೆದರೆ ಓಡಲು ಸಮಯ ಸಿಗದು. ತೋಡಿನ ಗುಂಟ ಕೆಳಕ್ಕೆ ಇಳಿಯದೆ, ಅದರ ದಾರಿಯಿಂದ ಪಕ್ಕಕ್ಕೆ ಸರಿದು ಎತ್ತರದ ಗಟ್ಟಿ ಜಾಗಕ್ಕೆ ಹೋಗಿ.