ಹಳೆಯ ಅಲ್ಯೂಮಿನಿಯಂ ದೋಣಿಯ ಟ್ರಾನ್ಸಮ್ ದುರಸ್ತಿ: ಮರ, ನೀರು ಮತ್ತು ತಾಮ್ರ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಅಲ್ಯೂಮಿನಿಯಂ ತಗಡಿನ ಮೀನುಗಾರಿಕೆ ದೋಣಿಗಳು ಹೇರಳವಾಗಿ ತಯಾರಾದವು. ಮಿನೆಸೋಟ ರಾಜ್ಯದ ನ್ಯೂಯಾರ್ಕ್ ಮಿಲ್ಸ್ ಎಂಬ ಊರಿನಲ್ಲಿ 1948ರಲ್ಲಿ ಆರಂಭವಾದ ಲುಂಡ್ ಇಂಥ ತಯಾರಕರಲ್ಲಿ ಒಂದು. ಆ ಕಾಲದ ಎಷ್ಟೋ ದೋಣಿಗಳ ಲೋಹದ ಒಡಲು ಇಂದಿಗೂ ಗಟ್ಟಿಯಾಗಿದೆ. ಕೈಕೊಡುವುದು ಟ್ರಾನ್ಸಮ್‌ನೊಳಗಿನ ಮರ.

ದೋಣಿಯ ಹಿಂಬದಿಯನ್ನು ಅಡ್ಡಲಾಗಿ ಮುಚ್ಚುವ ಗೋಡೆಯೇ ಟ್ರಾನ್ಸಮ್. ಔಟ್‌ಬೋರ್ಡ್ ಎಂಜಿನ್ ನೇತಾಡುವುದು ಇದರ ಮೇಲೆ. ನೀರಿನೊಳಗೆ ತಿರುಗುವ ಪ್ರೊಪೆಲ್ಲರ್ ಎಂಜಿನ್ನಿನ ಕೆಳಭಾಗವನ್ನು ಮುಂದಕ್ಕೆ ನೂಕುವುದರಿಂದ, ಎಂಜಿನ್ನನ್ನು ಹಿಡಿದಿಡುವ ಬ್ರಾಕೆಟ್‌ನ ತಳ ಟ್ರಾನ್ಸಮ್ಮನ್ನು ಒಳಕ್ಕೆ ಒತ್ತುತ್ತದೆ, ಮೇಲಿನ ಹಿಡಿಕೆ ಅದನ್ನು ಹಿಂದಕ್ಕೆ ಎಳೆಯುತ್ತದೆ. ಈ ತಿರುಚನ್ನು ತೆಳು ತಗಡೊಂದೇ ತಾಳಲಾರದಾದ್ದರಿಂದ, ಅದರ ಬೆನ್ನಿಗೆ ಸಾಮಾನ್ಯವಾಗಿ ಒಂದೂವರೆ ಇಂಚು ದಪ್ಪದ ಪ್ಲೈವುಡ್ ಇರುತ್ತದೆ. ಬೋಲ್ಟ್ ರಂಧ್ರಗಳಿಂದಲೂ ಮೇಲಂಚಿನ ಮುಚ್ಚಿಗೆಯ ಸಂದಿನಿಂದಲೂ ಇಳಿದ ನೀರಿಗೆ ಹೊರಹೋಗಲು ದಾರಿಯಿಲ್ಲದೆ, ಮರ ಒಳಗೊಳಗೇ ಕೊಳೆಯುತ್ತದೆ.

ಪರೀಕ್ಷೆ ಸರಳ. ಟ್ರೇಲರ್ ಮೇಲಿರುವ ದೋಣಿಯಲ್ಲಿ ಎಂಜಿನ್ನಿನ ಕೆಳತುದಿಯನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಟ್ರಾನ್ಸಮ್ ಬಾಗಿದರೆ, ಅಥವಾ ಸುತ್ತಿಗೆಯಿಂದ ತಟ್ಟಿದಾಗ ಮಂಕಾದ ಸದ್ದು ಬಂದರೆ, ಮರ ಹಾಳಾಗಿದೆಯೆಂದು ಶಂಕಿಸಬೇಕು. ಬಿಚ್ಚುವಾಗ ಹಳೆಯ ಹಲಗೆ ಎಷ್ಟೇ ಪುಡಿಯಾಗಿದ್ದರೂ ಅದನ್ನು ಎಸೆಯಬಾರದು. ಹೊಸದನ್ನು ಕತ್ತರಿಸಲು ಅದಕ್ಕಿಂತ ಒಳ್ಳೆಯ ಅಚ್ಚು ಬೇರೆ ಸಿಗುವುದಿಲ್ಲ.

ಈಗ ಮುಖ್ಯ ಪ್ರಶ್ನೆ: ಹೊಸ ಹಲಗೆ ಯಾವುದು? ಕೊಳೆಯದಂತೆ ರಾಸಾಯನಿಕ ಸಂಸ್ಕರಣೆ ಮಾಡಿದ ಮರವೇ ಸರಿಯೆಂದು ಯಾರಿಗಾದರೂ ತೋರುತ್ತದೆ. ಅಲ್ಯೂಮಿನಿಯಂ ದೋಣಿಯ ಮಟ್ಟಿಗೆ ಅದು ದೊಡ್ಡ ತಪ್ಪು. 2003ರ ಕೊನೆಯವರೆಗೆ ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆತ ಸಿಸಿಎ ಸಂಸ್ಕರಣೆ ನೀಡುತ್ತಿದ್ದರು; ಆರ್ಸೆನಿಕ್‌ನ ಭಯದಿಂದ ಅದನ್ನು ಕೈಬಿಟ್ಟ ಮೇಲೆ ಬಳಕೆಗೆ ಬಂದ ಎಸಿಕ್ಯೂ ಮುಂತಾದವುಗಳಲ್ಲಿ ತಾಮ್ರದ ಅಂಶ ಇನ್ನೂ ಹೆಚ್ಚು. ಶಾಲೆಯಲ್ಲಿ ಓದಿದ ಲೋಹಗಳ ಕ್ರಿಯಾಶೀಲತೆಯ ಶ್ರೇಣಿಯನ್ನು ಇಲ್ಲಿ ನೆನೆಯಬೇಕು. ಅಲ್ಯೂಮಿನಿಯಂ ತಾಮ್ರಕ್ಕಿಂತ ಬಹಳ ಮೇಲಿದೆ. ಒದ್ದೆ ಮರದಿಂದ ಜಿನುಗಿದ ತಾಮ್ರದ ಅಯಾನುಗಳು ತಗಡಿನ ಮೇಲೆ ತಾಮ್ರವಾಗಿ ಕೂರುತ್ತವೆ, ಅಷ್ಟು ಅಲ್ಯೂಮಿನಿಯಂ ಕರಗಿಹೋಗುತ್ತದೆ, ಕುಳಿತ ಪ್ರತಿ ತಾಮ್ರದ ಕಣವೂ ಪುಟ್ಟ ವಿದ್ಯುತ್ಕೋಶದಂತೆ ವರ್ತಿಸಿ ಸುತ್ತಲಿನ ಲೋಹವನ್ನು ಕೊರೆಯುತ್ತಲೇ ಇರುತ್ತದೆ. ಬಿಳಿ ಪುಡಿ, ಗುಳಿ, ಕೊನೆಗೆ ತೂತು. ಕೊಳೆತ ಮರವನ್ನು ಬದಲಿಸಬಹುದು. ತೂತಾದ ತಗಡನ್ನು ಸರಿಪಡಿಸುವುದು ಬಹು ಕಷ್ಟ.

ಆದ್ದರಿಂದ ಸಂಸ್ಕರಣೆಯಿಲ್ಲದ, ನೀರಿಗೆ ಬಿಡದ ಅಂಟಿನ ಮರೀನ್ ಪ್ಲೈವುಡ್ಡನ್ನೇ ಆರಿಸಬೇಕು. ಮುಕ್ಕಾಲು ಇಂಚಿನ ಎರಡು ಹಲಗೆಗಳನ್ನು ಎಪಾಕ್ಸಿಯಿಂದ (ಎರಡು ದ್ರವಗಳನ್ನು ಬೆರೆಸಿದಾಗ ಗಟ್ಟಿಯಾಗುವ ಅಂಟು) ಬೆಸೆದರೆ ಬೇಕಾದ ದಪ್ಪ ಬರುತ್ತದೆ. ಅನಂತರ ಎಲ್ಲ ಬದಿಗೂ ಎರಡು ಮೂರು ಲೇಪ ಎಪಾಕ್ಸಿ ಬಳಿಯಬೇಕು. ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ. ಆದ್ದರಿಂದ ಅಂಚಿಗೆ ಧಾರಾಳವಾಗಿ ಲೇಪಿಸುವುದು ಲೇಸು. ಒಣಗಿದ ಲೇಪದ ಮೇಲೆ ಕೆಲವೊಮ್ಮೆ ಮೇಣದಂಥ ಪೊರೆ ಕಟ್ಟುತ್ತದೆ. ಅದನ್ನು ನೀರಿನಿಂದ ಉಜ್ಜಿ ತೊಳೆಯದೆ ಮುಂದಿನ ಲೇಪ ಬಳಿದರೆ ಹಿಡಿತ ಸಿಗುವುದಿಲ್ಲ.

ಇಷ್ಟು ಶ್ರಮವೂ ಒಂದೇ ರಂಧ್ರದಿಂದ ವ್ಯರ್ಥವಾಗಬಹುದು. ಪ್ರತಿ ಬೋಲ್ಟ್ ರಂಧ್ರವನ್ನು ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆದು, ಪುಡಿ ಬೆರೆಸಿ ಮಂದ ಮಾಡಿದ ಎಪಾಕ್ಸಿಯಿಂದ ತುಂಬಿ, ಅದು ಒಣಗಿದ ಮೇಲೆ ಅದರ ನಡುವೆ ಸರಿಯಾದ ಅಳತೆಯಲ್ಲಿ ಮತ್ತೆ ಕೊರೆಯಬೇಕು. ಆಗ ಬೋಲ್ಟ್ ಹಾದುಹೋಗುವ ದಾರಿಯಲ್ಲಿ ಮರ ಬರಿಯಾಗಿ ಉಳಿಯುವುದೇ ಇಲ್ಲ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್‌ಗಳೂ ಅಲ್ಯೂಮಿನಿಯಂಗೆ ಅನ್ಯ ಲೋಹವೇ ಆದ್ದರಿಂದ, ಅವನ್ನು ಮರೀನ್ ಸೀಲೆಂಟ್‌ನಲ್ಲಿ (ಸಂದು ಮುಚ್ಚಿ ನೀರು ತಡೆಯುವ ಮೇಣದಂಥ ವಸ್ತು) ಅದ್ದಿ ಕೂರಿಸಬೇಕು. ನೀರು ಬಸಿಯುವ ಹಿತ್ತಾಳೆಯ ಕೊಳವೆಯಲ್ಲೂ ತಾಮ್ರವಿದೆ. ಅದನ್ನು ತೆಗೆದು ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ ಕೊಳವೆ ಹಾಕುವುದೇ ನನ್ನ ದೃಷ್ಟಿಯಲ್ಲಿ ಸರಿ.

ಹೊಸ ಟ್ರಾನ್ಸಮ್ ಗಟ್ಟಿಯಾಯಿತೆಂದು ದೊಡ್ಡ ಎಂಜಿನ್ ತೂಗುಹಾಕಬಾರದು. ಅಮೆರಿಕದಲ್ಲಿ 1972ರ ನವೆಂಬರ್‌ನಿಂದ 20 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಿಗೆ ಕಡ್ಡಾಯವಾದ ಸಾಮರ್ಥ್ಯ ಫಲಕದ ಮೇಲೆ ಗರಿಷ್ಠ ಅಶ್ವಶಕ್ತಿಯನ್ನು ನಮೂದಿಸಿರುತ್ತಾರೆ. ಆ ಲೆಕ್ಕಕ್ಕೆ ಆಧಾರ ದೋಣಿಯ ಉದ್ದ ಮತ್ತು ಟ್ರಾನ್ಸಮ್‌ನ ಅಗಲ. ಒಳಗಿನ ಹಲಗೆ ಹೊಸದಾದರೂ ಇವೆರಡೂ ಬದಲಾಗಿರುವುದಿಲ್ಲ.